ನಂಬಿಕೆ ಬೇಡದ ನಾಣ್ಯ

ವ್ಯಾಪಾರವೆಂಬುದು ಎರಡು ಆಧಾರಗಳ ಮೇಲೆ ನಿಂತಿದೆ. ಒಂದು ಲೆಕ್ಕದ ಪುಸ್ತಕ. ಇನ್ನೊಂದು ಆ ಪುಸ್ತಕವನ್ನು ಬರೆಯುವವನ ನಡತೆ. ಇವೆರಡರಲ್ಲಿ ಯಾವುದು ಹಿರಿದು ಎಂಬುದರಲ್ಲಿ ಹಿಂದಿನವರಿಗೆ ಸಂದೇಹವಿರಲಿಲ್ಲ. ಕನ್ನಡ ನಾಡಿನ ವರ್ತಕರೂ ಶಾನುಭೋಗರೂ ಬಹುಕಾಲ ಲೆಕ್ಕ ಬರೆದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು; ಒರೆಸಿದರೆ ಬರೆದದ್ದು ಅಳಿಸಿಹೋಗುತ್ತಿತ್ತು. ಅಷ್ಟು ಸುಲಭವಾಗಿ ಅಳಿಸಬಹುದಾದ ಪುಸ್ತಕವನ್ನು ಜನರು ನಂಬಿದ್ದು ಪುಸ್ತಕದ ಗಟ್ಟಿತನವನ್ನು ನೋಡಿಯಲ್ಲ, ಬರೆದವನ ಗಟ್ಟಿತನವನ್ನು ನೋಡಿ. ಹುಂಡಿ ವ್ಯವಹಾರವೂ ಇದೇ ಬಗೆಯದು. ಒಂದು ಊರಿನ ಸಾಹುಕಾರ ಬರೆದುಕೊಟ್ಟ ಚೀಟಿಗೆ ದೂರದ ಇನ್ನೊಂದು ಊರಿನಲ್ಲಿ ಹಣ ಸಿಗುತ್ತಿದ್ದುದು ಆ ಚೀಟಿಯ ಕಾಗದದ ಬಲದಿಂದಲ್ಲ, ಆ ಮನೆತನದ ಮಾತಿನ ಬಲದಿಂದ.

ಇದಕ್ಕೆ ತೀರ ವಿರುದ್ಧವಾದ ವಿಚಾರವೊಂದು 2008ರಲ್ಲಿ ಜಗತ್ತಿನ ಮುಂದೆ ಬಂದಿತು. ಲೆಕ್ಕದ ಪುಸ್ತಕವನ್ನು ಯಾರೂ ಅಳಿಸಲಾಗದಷ್ಟು, ಯಾರೂ ತಿದ್ದಲಾಗದಷ್ಟು ಗಟ್ಟಿಯಾಗಿ ಕಟ್ಟಿಬಿಟ್ಟರೆ, ಬರೆಯುವವನ ನಡತೆಯನ್ನು ವಿಚಾರಿಸುವ ಅಗತ್ಯವೇ ಉಳಿಯುವುದಿಲ್ಲವೆಂಬುದು ಆ ವಿಚಾರ. ಅದರಿಂದ ಹುಟ್ಟಿದ ನಾಣ್ಯಕ್ಕೆ ಬಿಟ್‌ಕಾಯಿನ್ ಎಂದು ಹೆಸರಾಯಿತು. ಅದರ ಬೆಲೆಯ ಏರಿಳಿತವನ್ನು ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಆದರೆ ಅದರ ಚರಿತ್ರೆಯಲ್ಲಿ ಬೆಲೆಗಿಂತ ವಿಚಾರಾರ್ಹವಾದ ಸಂಗತಿಯೊಂದಿದೆ. ಮನುಷ್ಯನನ್ನು ನಂಬಬೇಕಾದ ಅಗತ್ಯವನ್ನು ಯಂತ್ರವು ನಿಜವಾಗಿಯೂ ತೊಡೆದುಹಾಕಿತೆ? ಅಥವಾ ಆ ಅಗತ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿತೆ?

ಗಣಕಯಂತ್ರದಲ್ಲಿ ನಾಣ್ಯವನ್ನು ನಿರ್ಮಿಸುವುದಕ್ಕೆ ಇರುವ ಮೂಲ ತೊಡಕು ಒಂದೇ. ಬೆಳ್ಳಿಯ ನಾಣ್ಯವನ್ನು ಒಬ್ಬನಿಗೆ ಕೊಟ್ಟ ಮೇಲೆ ಅದು ಕೊಟ್ಟವನ ಕೈಯಲ್ಲಿ ಉಳಿಯುವುದಿಲ್ಲ. ಗಣಕಯಂತ್ರದೊಳಗಿನ ನಾಣ್ಯವಾದರೋ ಕೇವಲ ಅಂಕಿಗಳ ಸಾಲು. ಅದನ್ನು ಎಷ್ಟು ಬಾರಿಯಾದರೂ ನಕಲು ಮಾಡಬಹುದು. ಒಂದೇ ನಾಣ್ಯವನ್ನು ಬೆಳಿಗ್ಗೆ ಒಬ್ಬನಿಗೂ ಸಂಜೆ ಇನ್ನೊಬ್ಬನಿಗೂ ಕೊಡುವ ಮೋಸವನ್ನು ತಡೆಯುವವರು ಯಾರು? ನಡುವೆ ಒಬ್ಬ ಲೆಕ್ಕಿಗ ಕುಳಿತು, ಈ ನಾಣ್ಯ ಆಗಲೇ ಖರ್ಚಾಗಿದೆ ಎಂದು ಹೇಳಬೇಕಾಗುತ್ತದೆ. ಬ್ಯಾಂಕುಗಳು ಮಾಡುವ ಕೆಲಸ ಇದೇ.

ಅಮೆರಿಕದ ಡೇವಿಡ್ ಚಾಮ್ ಎಂಬ ಗೂಢಲಿಪಿ ತಜ್ಞರು ಈ ಲೆಕ್ಕಿಗನನ್ನು ಉಳಿಸಿಕೊಂಡೇ ಅವನ ಕಣ್ಣಿಗೆ ಪಟ್ಟಿ ಕಟ್ಟುವ ಉಪಾಯವನ್ನು 1983ರಲ್ಲಿ ಪ್ರಕಟಿಸಿದರು. ಒಳಗೆ ಕಾರ್ಬನ್ ಕಾಗದವಿಟ್ಟ ಲಕೋಟೆಯ ಮೇಲೆ ಸಹಿ ಹಾಕಿದರೆ ಒಳಗಿನ ಚೀಟಿಯ ಮೇಲೂ ಸಹಿ ಮೂಡುತ್ತದೆ. ಸಹಿ ಹಾಕಿದವನಿಗೆ ಚೀಟಿಯಲ್ಲೇನಿದೆ ಎಂಬುದು ಮಾತ್ರ ಕಾಣುವುದಿಲ್ಲ. ಇದೇ ರೀತಿಯಲ್ಲಿ ಬ್ಯಾಂಕು ನಾಣ್ಯಕ್ಕೆ ಮುದ್ರೆಯೊತ್ತುತ್ತದೆ, ಆದರೆ ಆ ನಾಣ್ಯವನ್ನು ಯಾರು ಎಲ್ಲಿ ಖರ್ಚು ಮಾಡಿದರೆಂಬುದು ಅದಕ್ಕೆ ತಿಳಿಯುವುದಿಲ್ಲ. ಒಬ್ಬ ಮನುಷ್ಯ ಯಾವ ಔಷಧಿ ಕೊಂಡ, ಯಾವ ಪುಸ್ತಕ ಓದಿದ, ಯಾರಿಗೆ ದಾನ ಕೊಟ್ಟ ಎಂಬುದೆಲ್ಲ ಒಂದೆಡೆ ಸಂಗ್ರಹವಾಗುವುದು ಸಮಾಜಕ್ಕೆ ಕ್ಷೇಮಕರವಲ್ಲ ಎಂಬುದು ಚಾಮ್ ಅವರ ಚಿಂತೆಯಾಗಿತ್ತು. ಇಂದು ಪ್ರತಿಯೊಂದು ಪಾವತಿಯೂ ಗುರುತು ಉಳಿಸುವ ಕಾಲದಲ್ಲಿ ಆ ಚಿಂತೆ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ. ಅವರು 1989ರಲ್ಲಿ ಡಿಜಿಕ್ಯಾಶ್ ಎಂಬ ಕಂಪನಿಯನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಸ್ಥಾಪಿಸಿದರು. ಅಮೆರಿಕದ ಸೇಂಟ್ ಲೂಯಿಸ್ ನಗರದ ಮಾರ್ಕ್ ಟ್ವೈನ್ ಬ್ಯಾಂಕು 1995ರಲ್ಲಿ ಈ ನಾಣ್ಯವನ್ನು ಬಳಕೆಗೆ ತಂದಿತು. ಆದರೆ ಅದನ್ನು ಕೊಳ್ಳುವ ಗ್ರಾಹಕರೂ ಸ್ವೀಕರಿಸುವ ಅಂಗಡಿಗಳೂ ಸಾಕಷ್ಟು ಸಿಗಲಿಲ್ಲ. 1998ರಲ್ಲಿ ಕಂಪನಿ ದಿವಾಳಿಯಾಯಿತು. ನಾಣ್ಯದಲ್ಲಿ ದೋಷವಿರಲಿಲ್ಲ, ಅದನ್ನು ಹಿಡಿದು ನಿಂತ ಕೇಂದ್ರ ಕುಸಿದಾಗ ಅದೂ ಕುಸಿಯಿತು.

ಅದೇ ವರ್ಷಗಳಲ್ಲಿ ಕೇಂದ್ರವೇ ಇಲ್ಲದ ನಾಣ್ಯದ ಆಲೋಚನೆಗಳು ಮೊಳೆತವು. 1997ರಲ್ಲಿ ಆ್ಯಡಂ ಬ್ಯಾಕ್ ಎಂಬ ಇಂಗ್ಲಿಷ್ ತಜ್ಞರು ರಾಶಿ ರಾಶಿಯಾಗಿ ಬರುವ ಬೇಡದ ಪತ್ರಗಳನ್ನು ತಡೆಯಲು ಒಂದು ಉಪಾಯ ಸೂಚಿಸಿದರು. ಪತ್ರ ಕಳುಹಿಸುವ ಗಣಕಯಂತ್ರವು ಮೊದಲು ಒಂದು ಕಠಿಣ ಲೆಕ್ಕವನ್ನು ಬಿಡಿಸಬೇಕು. ಒಂದು ಪತ್ರಕ್ಕೆ ಆ ಶ್ರಮ ಅಲ್ಪ; ಲಕ್ಷ ಪತ್ರಗಳಿಗಾದರೆ ದುಬಾರಿ. 1998ರಲ್ಲಿ ವೇ ಡಾಯ್ ಎಂಬವರು ಎಲ್ಲರೂ ಸೇರಿ ಕಾಯುವ ಲೆಕ್ಕದ ಪುಸ್ತಕವೊಂದನ್ನು ವಿವರಿಸಿದರು; ನಿಕ್ ಸಾಬೊ ಎಂಬವರೂ ಹೆಚ್ಚುಕಡಿಮೆ ಅಂಥದೇ ಯೋಜನೆಯನ್ನು ರೂಪಿಸಿದ್ದರು. ಇವು ಕಾಗದದ ಮೇಲೆಯೇ ಉಳಿದವು.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಜನರ ಠೇವಣಿಯನ್ನು ಕಾಯಬೇಕಾದ ದೊಡ್ಡ ದೊಡ್ಡ ಸಂಸ್ಥೆಗಳು ಸಾಲದ ಜೂಜಿನಲ್ಲಿ ತೊಡಗಿದ್ದುದೂ, ಸರಕಾರಗಳು ತೆರಿಗೆದಾರರ ಹಣದಿಂದ ಅವುಗಳನ್ನು ಮೇಲೆತ್ತಿದ್ದೂ ಲೋಕಕ್ಕೆಲ್ಲ ತಿಳಿಯಿತು. ಮಧ್ಯವರ್ತಿಯ ಮೇಲಿನ ನಂಬಿಕೆ ಅಲುಗಾಡಿದ ಆ ದಿನಗಳಲ್ಲಿ, ಅಕ್ಟೋಬರ್ 31ರಂದು, ಒಂಬತ್ತು ಪುಟಗಳ ಲೇಖನವೊಂದು ಗೂಢಲಿಪಿ ತಜ್ಞರ ಬಳಗಕ್ಕೆ ತಲಪಿತು. ಲೇಖಕರ ಹೆಸರು ಸತೋಶಿ ನಕಾಮೊಟೊ ಎಂದಿತ್ತು. ಅದು ಒಬ್ಬ ವ್ಯಕ್ತಿಯ ಹೆಸರೋ ಒಂದು ಗುಂಪಿನ ಹೆಸರೋ ಎಂಬುದು ಇಂದಿಗೂ ನಿರ್ಣಯವಾಗಿಲ್ಲ. 2009ರ ಜನವರಿ 3ರಂದು ಮೊದಲ ಪುಟ ಬರೆಯಲ್ಪಟ್ಟಿತು. ಬ್ಯಾಂಕುಗಳಿಗೆ ಎರಡನೆಯ ಬಾರಿ ಸರಕಾರದ ನೆರವು ನೀಡುವ ಸಂದರ್ಭ ಒದಗಿದೆ ಎಂಬ ಅರ್ಥದ, ಅದೇ ದಿನದ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹವನ್ನು ಆ ಪುಟದೊಳಗೆ ಸೇರಿಸಲಾಗಿತ್ತು. ಅದು ದಿನಾಂಕದ ಸಾಕ್ಷಿಯೂ ಆಗಿತ್ತು, ಮನದ ಅಸಮಾಧಾನವೂ ಆಗಿತ್ತು.

ಆ ಪುಸ್ತಕದ ಕ್ರಮವನ್ನು ಕಿರ್ದಿ ಬರೆಯಬಲ್ಲ ಯಾರಾದರೂ ಗ್ರಹಿಸಬಹುದು. ಒಂದೇ ಕಿರ್ದಿಯ ಪ್ರತಿಗಳು ಜಗತ್ತಿನಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿ ಇರುತ್ತವೆ. ಸುಮಾರು ಹತ್ತು ನಿಮಿಷಗಳಿಗೊಮ್ಮೆ ಒಂದು ಹೊಸ ಪುಟ ಸೇರುತ್ತದೆ. ಪ್ರತಿಯೊಂದು ಪುಟದ ತಲೆಯಲ್ಲಿ ಹಿಂದಿನ ಪುಟದ ಬೆರಳಚ್ಚಿನಂಥ ಒಂದು ಸಂಖ್ಯೆ ಇರುತ್ತದೆ. ಹಳೆಯ ಪುಟದಲ್ಲಿ ಒಂದು ಕಾಸನ್ನು ತಿದ್ದಿದರೂ ಅದರ ಬೆರಳಚ್ಚು ಬದಲಾಗಿ, ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಹೀಗೆ ಪುಟಗಳು ಸರಪಳಿಯಂತೆ ಕೂಡಿರುವುದರಿಂದಲೇ ಇದಕ್ಕೆ ಬ್ಲಾಕ್‌ಚೈನ್ ಎಂಬ ಹೆಸರು. ಹೊಸ ಪುಟ ಬರೆಯುವ ಅಧಿಕಾರ ಯಾರಿಗೆ? ಒಂದು ಕಠಿಣ ಲೆಕ್ಕವನ್ನು ಮೊದಲು ಬಿಡಿಸಿದವರಿಗೆ. ಅವರಿಗೆ ಸಂಭಾವನೆಯಾಗಿ ಹೊಸ ನಾಣ್ಯಗಳು ದೊರೆಯುತ್ತವೆ. ಈ ಕೆಲಸಕ್ಕೆ ಮೈನಿಂಗ್, ಅಂದರೆ ಗಣಿಗಾರಿಕೆ, ಎನ್ನುತ್ತಾರೆ. ಪುಸ್ತಕವನ್ನು ಸುಳ್ಳಾಗಿಸಬೇಕೆಂದವನು ಉಳಿದೆಲ್ಲರ ಒಟ್ಟು ಶ್ರಮವನ್ನು ಮೀರಿಸಬೇಕಾಗುತ್ತದೆ. ಅಷ್ಟು ಶಕ್ತಿಯುಳ್ಳವನಿಗೆ ಮೋಸಕ್ಕಿಂತ ಪ್ರಾಮಾಣಿಕತೆಯೇ ಲಾಭಕರವಾಗುವಂತೆ ವ್ಯವಸ್ಥೆಯನ್ನು ಹೆಣೆಯಲಾಗಿದೆ.

ಈ ಕೊನೆಯ ವಾಕ್ಯದಲ್ಲಿ ಒಂದು ನೀತಿಪ್ರಶ್ನೆ ಅಡಗಿದೆ. ಲಾಭಕರವಾದುದರಿಂದ ಪ್ರಾಮಾಣಿಕನಾಗಿರುವವನು ಪ್ರಾಮಾಣಿಕನೆ? ಕಳ್ಳನು ಕದಿಯದಂತೆ ಬೀಗ ಹಾಕುವುದು ವಿವೇಕ. ಆದರೆ ಬೀಗವು ಕಳ್ಳನನ್ನು ಸಜ್ಜನನನ್ನಾಗಿ ಮಾಡುವುದಿಲ್ಲ. ಬಿಟ್‌ಕಾಯಿನ್ ಬಹಳ ಒಳ್ಳೆಯ ಬೀಗ. ಅದರ ಮುಂದಿನ ಕಥೆಯೆಲ್ಲ ಬೀಗದ ಹೊರಗೆ ನಿಂತ ಮನುಷ್ಯರ ಕಥೆ.

ಆರಂಭದ ದಿನಗಳಲ್ಲಿ ಅದು ಕೆಲವೇ ಆಸಕ್ತರ ಪ್ರಯೋಗವಾಗಿತ್ತು. 2009ರ ಜನವರಿ 12ರಂದು ಸತೋಶಿ ಅವರಿಂದ ಹ್ಯಾಲ್ ಫಿನ್ನಿ ಎಂಬ ತಜ್ಞರಿಗೆ ಹತ್ತು ನಾಣ್ಯಗಳು ಸಂದಾಯವಾದವು. ಒಬ್ಬರಿಂದ ಇನ್ನೊಬ್ಬರಿಗೆ ಸಂದ ಮೊದಲ ಪಾವತಿ ಅದು. 2010ರ ಮೇ 22ರಂದು ಫ್ಲಾರಿಡಾದ ಒಬ್ಬ ಗಣಕತಜ್ಞ 10,000 ನಾಣ್ಯಗಳನ್ನು ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಅಂದು ಆ ನಾಣ್ಯಗಳ ಬೆಲೆ ಸುಮಾರು 41 ಡಾಲರ್. 2024ರ ಡಿಸೆಂಬರಿನಲ್ಲಿ ಒಂದು ನಾಣ್ಯದ ಬೆಲೆ ಒಂದು ಲಕ್ಷ ಡಾಲರನ್ನು ದಾಟಿದಾಗ, ಆ 10,000 ನಾಣ್ಯಗಳು 100 ಕೋಟಿ ಡಾಲರಿಗೂ ಮಿಗಿಲಾದವು. ಈ ಕಥೆಯನ್ನು ಜನರು ನಗುತ್ತ ಹೇಳುತ್ತಾರೆ, ಅಥವಾ ಮರುಗುತ್ತ ಹೇಳುತ್ತಾರೆ. ಆದರೆ ಯೋಚಿಸಿ ನೋಡಿದರೆ ಆತನು ಮಾಡಿದ್ದು ನಾಣ್ಯಕ್ಕೆ ತಕ್ಕ ಕೆಲಸವನ್ನೇ. ನಾಣ್ಯವಿರುವುದು ಕೊಡುವುದಕ್ಕೆ, ಒಬ್ಬನ ಹಸಿವನ್ನು ಇನ್ನೊಬ್ಬನ ಅಡುಗೆಯೊಡನೆ ಕೂಡಿಸುವುದಕ್ಕೆ. ಕೊಟ್ಟವನನ್ನು ಮೂರ್ಖನೆಂದೂ ಕೂಡಿಟ್ಟವನನ್ನು ಜಾಣನೆಂದೂ ಕರೆಯತೊಡಗಿದ ದಿನ, ಅದು ನಾಣ್ಯವೆಂಬ ಸ್ಥಾನದಿಂದ ಜಾರಿ ಸಂಗ್ರಹದ ವಸ್ತುವಾಯಿತು.

ಅದೇ ವರ್ಷದ ಆಗಸ್ಟ್ 15ರಂದು ನಡೆದ ಘಟನೆ ಅಷ್ಟಾಗಿ ಪ್ರಸಿದ್ಧವಲ್ಲ, ಆದರೆ ಹೆಚ್ಚು ಬೋಧಪ್ರದವಾದುದು. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಎಂದಿಗೂ ಮೀರಕೂಡದೆಂಬುದು ಈ ವ್ಯವಸ್ಥೆಯ ಮೂಲ ನಿಯಮ. ಆ ದಿನ ಕ್ರಮವಿಧಿಯಲ್ಲಿದ್ದ ಒಂದು ಲೋಪವನ್ನು ಬಳಸಿಕೊಂಡು ಯಾರೋ ಒಂದೇ ಪುಟದಲ್ಲಿ 18,400 ಕೋಟಿಗೂ ಹೆಚ್ಚು ನಾಣ್ಯಗಳನ್ನು ಸೃಷ್ಟಿಸಿಕೊಂಡರು. ಯಂತ್ರಗಳು ಅದನ್ನು ಒಪ್ಪಿದವು; ಪುಸ್ತಕದಲ್ಲಿ ಅದು ಬರೆದೂ ಆಯಿತು. ಕೆಲವೇ ಗಂಟೆಗಳಲ್ಲಿ ಸತೋಶಿ ಮತ್ತು ಸಂಗಡಿಗರು ತಿದ್ದುಪಡಿಯನ್ನು ಸಿದ್ಧಪಡಿಸಿದರು. ಪುಟ ಬರೆಯುವವರೆಲ್ಲ ಆ ಕಳಂಕಿತ ಪುಟದ ಹಿಂದಿನಿಂದ ಹೊಸದಾಗಿ ಬರೆಯುತ್ತ ಬಂದರು. ಹೊಸ ಸರಪಳಿ ಹಳೆಯದನ್ನು ಮೀರಿದಾಗ ಹಳೆಯದು ಬಿದ್ದುಹೋಯಿತು. ಅಳಿಸಲಾಗದ ಪುಸ್ತಕವನ್ನು ಅಂದು ಅಳಿಸಲಾಯಿತು, ಮತ್ತು ಅಳಿಸಿದ್ದು ಸರಿಯೇ ಆಗಿತ್ತು. ಯಾವುದು ಲೋಪ, ಯಾವುದು ನಿಯಮ, ಯಾವುದು ಅನ್ಯಾಯ ಎಂಬುದನ್ನು ಯಂತ್ರವು ಹೇಳಲಿಲ್ಲ. ಕೆಲವು ಮನುಷ್ಯರು ಹೇಳಿದರು, ಉಳಿದವರು ಅವರನ್ನು ನಂಬಿದರು. ನಂಬಿಕೆ ಬೇಡವೆಂದು ಕಟ್ಟಿದ ವ್ಯವಸ್ಥೆಯನ್ನು ಅದರ ಎರಡನೆಯ ವರ್ಷದಲ್ಲಿ ಉಳಿಸಿದ್ದು ನಂಬಿಕೆಯೇ.

2010ರ ಡಿಸೆಂಬರಿನ ನಂತರ ಸತೋಶಿ ಅವರ ಸಾರ್ವಜನಿಕ ಮಾತು ನಿಂತಿತು. 2011ರ ವಸಂತದ ಬಳಿಕ ಸಹೋದ್ಯೋಗಿಗಳಿಗೂ ಪತ್ರ ಬರಲಿಲ್ಲ. ಮೊದಲ ತಿಂಗಳುಗಳಲ್ಲಿ ಅವರ ಪಾಲಿಗೆ ಬಂದವೆಂದು ಅಂದಾಜಿಸಲಾದ ಸುಮಾರು ಹತ್ತು ಲಕ್ಷ ನಾಣ್ಯಗಳು ಇದ್ದಲ್ಲಿಯೇ ಇವೆ. ಅದು ತ್ಯಾಗವೋ, ಭಯವೋ, ಮರಣವೋ, ಯಾವುದೇ ಆಗಿರಲಿ, ಅಷ್ಟು ಸಂಪತ್ತನ್ನು ಮುಟ್ಟದೆ ಬಿಟ್ಟ ಕೈಯೊಂದು ಈ ವ್ಯವಸ್ಥೆಯ ಬುಡದಲ್ಲಿದೆ. ಆ ಕೈ ಚಲಿಸಿದರೆ ಪೇಟೆ ನಡುಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದುದರಿಂದ ಯಾರೂ ಕಾಣದ ಒಬ್ಬರ ಸಂಯಮದ ಮೇಲೆಯೂ ಈ ನಾಣ್ಯ ನಿಂತಿದೆಯೆಂದರೆ ತಪ್ಪಾಗಲಾರದು.

ಪುಸ್ತಕವು ಸತ್ಯವನ್ನು ಬರೆಯುತ್ತದೆ, ಧರ್ಮಾಧರ್ಮವನ್ನು ವಿಚಾರಿಸುವುದಿಲ್ಲ. 2011ರಲ್ಲಿ ಆರಂಭವಾದ ಸಿಲ್ಕ್ ರೋಡ್ ಎಂಬ ರಹಸ್ಯ ಮಾರುಕಟ್ಟೆಯಲ್ಲಿ ಮಾದಕ ವಸ್ತುಗಳು ಬಿಟ್‌ಕಾಯಿನ್‌ಗೆ ಮಾರಾಟವಾದವು. 2013ರ ಅಕ್ಟೋಬರಿನಲ್ಲಿ ಅಮೆರಿಕದ ಪೊಲೀಸರು ಅದನ್ನು ಮುಚ್ಚಿಸಿದರು. ಆದರೆ ಆ ತನಿಖೆಗೆ ನೇಮಿತರಾಗಿದ್ದ ಇಬ್ಬರು ಸರಕಾರಿ ಅಧಿಕಾರಿಗಳೇ ನಾಣ್ಯಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಅಮೆರಿಕದಲ್ಲಿಯೂ ನಿಜವಾಯಿತು. ಬಿಟ್‌ಕಾಯಿನ್ ಪುಸ್ತಕದಲ್ಲಿ ಉಳಿದಿದ್ದ ಜಾಡು ಅವರನ್ನು ಹಿಡಿಯಲು ನೆರವಾಯಿತು. 2015ರಲ್ಲಿ ಇಬ್ಬರಿಗೂ ಸೆರೆವಾಸವಾಯಿತು. ಹೆಸರಿಲ್ಲದ ನಾಣ್ಯವೆಂದು ನಂಬಿ ಕದ್ದವರಿಗೆ ಅದು ಹೆಜ್ಜೆಗುರುತನ್ನು ಎಂದಿಗೂ ಅಳಿಸದ ನಾಣ್ಯವೆಂಬುದು ತಡವಾಗಿ ತಿಳಿಯಿತು. ಇಲ್ಲಿ ಪುಸ್ತಕದ ಗುಣವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಅದು ಕಳ್ಳತನವನ್ನು ತಡೆಯಲಿಲ್ಲ. ಕಳ್ಳತನವಾದ ಮೇಲೆ ಸಾಕ್ಷಿ ಹೇಳಿತು.

ಇನ್ನೂ ದೊಡ್ಡ ಪಾಠ ಟೋಕಿಯೊದಿಂದ ಬಂದಿತು. ಈ ನಾಣ್ಯಕ್ಕೆ ಒಡೆತನದ ಪತ್ರವಿಲ್ಲ. ಖಾಸಗಿ ಕೀಲಿ ಎಂದು ಕರೆಯಲಾಗುವ ಒಂದು ದೀರ್ಘ ರಹಸ್ಯ ಸಂಖ್ಯೆ ಯಾರ ಬಳಿ ಇದೆಯೋ ನಾಣ್ಯ ಅವರದು. ಆ ಕೀಲಿ ಕಳೆದರೆ ಹೊಸದನ್ನು ಕೊಡುವ ಕಚೇರಿಯಿಲ್ಲ. ಕದ್ದರೆ ದೂರು ಕೇಳಿ ಹಣ ಮರಳಿಸುವ ವ್ಯವಸ್ಥಾಪಕನಿಲ್ಲ. ಮನೆಯ ಯಜಮಾನ ಯಾರಿಗೂ ತಿಳಿಸದೆ ತೀರಿಕೊಂಡರೆ, ನಾಮನಿರ್ದೇಶನವಾಗಲಿ ವಾರಸುದಾರಿಕೆ ಪ್ರಮಾಣಪತ್ರವಾಗಲಿ ಆ ಬೀಗವನ್ನು ತೆರೆಯಲಾರವು. ಹೀಗೆ ಲಕ್ಷಗಟ್ಟಲೆ ನಾಣ್ಯಗಳು ಶಾಶ್ವತವಾಗಿ ಕೈತಪ್ಪಿವೆಯೆಂದು ಅಂದಾಜು. ಈ ಹೊಣೆ ಸಾಮಾನ್ಯರಿಗೆ ಭಾರವೆನಿಸಿತು. ಅವರು ನಾಣ್ಯವನ್ನು ವಿನಿಮಯ ಕೇಂದ್ರಗಳಲ್ಲಿ ಇಡತೊಡಗಿದರು. ಅಂದರೆ ತಮ್ಮ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಮಧ್ಯವರ್ತಿ ಬೇಡವೆಂದು ಹುಟ್ಟಿದ ನಾಣ್ಯಕ್ಕೆ ಹೊಸ ಮಧ್ಯವರ್ತಿಗಳು ಬಂದರು. ವ್ಯತ್ಯಾಸವೆಂದರೆ, ಹಳೆಯ ಮಧ್ಯವರ್ತಿಗೆ ತನಿಖಾಧಿಕಾರಿ, ಠೇವಣಿ ವಿಮೆ, ಕಾನೂನಿನ ಕಟ್ಟು ಇದ್ದವು. ಹೊಸಬನಿಗೆ ಬಹುಕಾಲ ಯಾವುದೂ ಇರಲಿಲ್ಲ.

ಆ ಕಾಲದ ಅತ್ಯಂತ ದೊಡ್ಡ ವಿನಿಮಯ ಕೇಂದ್ರ ಟೋಕಿಯೊದ ಮೌಂಟ್ ಗಾಕ್ಸ್. ಅದು 2014ರ ಫೆಬ್ರುವರಿಯಲ್ಲಿ ದಿವಾಳಿ ಘೋಷಿಸಿ, ಸುಮಾರು 8 ಲಕ್ಷ 50 ಸಾವಿರ ನಾಣ್ಯಗಳು ಕಾಣೆಯಾಗಿವೆಯೆಂದು ತಿಳಿಸಿತು. ಅವುಗಳಲ್ಲಿ ಸುಮಾರು 2 ಲಕ್ಷ ಆಮೇಲೆ ಹಳೆಯ ಖಾತೆಯೊಂದರಲ್ಲಿ ದೊರೆತವು. ಉಳಿದವು ಮರಳಲಿಲ್ಲ. ಗ್ರಾಹಕರಿಗೆ ನಾಣ್ಯ ಮರುಪಾವತಿ ಆರಂಭವಾದದ್ದು 2024ರ ಜುಲೈ ತಿಂಗಳಿನಲ್ಲಿ, ಹತ್ತು ವರ್ಷಗಳ ನಂತರ. ಸಂಸ್ಥೆಯ ಮುಖ್ಯಸ್ಥರು ಹಣ ದುರುಪಯೋಗದ ಆರೋಪದಿಂದ ಮುಕ್ತರಾದರೂ, ಸಂಸ್ಥೆಯ ಲೆಕ್ಕದ ದಾಖಲೆಗಳನ್ನು ತಿದ್ದಿದ್ದಕ್ಕಾಗಿ 2019ರಲ್ಲಿ ಟೋಕಿಯೊ ನ್ಯಾಯಾಲಯವು ಅವರನ್ನು ದೋಷಿಯೆಂದು ತೀರ್ಮಾನಿಸಿತು. ಗಮನಿಸಬೇಕಾದುದು ಇಷ್ಟೇ: ಸಾವಿರಾರು ಗಣಕಯಂತ್ರಗಳಲ್ಲಿದ್ದ ಸಾರ್ವಜನಿಕ ಪುಸ್ತಕದಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದುದು ಕಚೇರಿಯೊಳಗಿನ ಪುಸ್ತಕ. ಜನರು ಮೊದಲನೆಯದನ್ನು ನಂಬಿ ಬಂದರು. ಅವರ ಹಣ ಇದ್ದದ್ದು ಎರಡನೆಯದರಲ್ಲಿ.

ಎಂಟು ವರ್ಷಗಳ ಮೇಲೆ ಅದೇ ಕಥೆ ಇನ್ನೂ ದೊಡ್ಡದಾಗಿ ಮರುಕಳಿಸಿತು. ಬಹಾಮಾಸ್ ದ್ವೀಪಗಳಲ್ಲಿ ನೆಲೆಸಿದ್ದ ಎಫ್‌ಟಿಎಕ್ಸ್ ಎಂಬ ವಿನಿಮಯ ಕೇಂದ್ರ 2022ರ ನವೆಂಬರಿನಲ್ಲಿ ಕುಸಿಯಿತು. ಗ್ರಾಹಕರ ಸುಮಾರು 800 ಕೋಟಿ ಡಾಲರುಗಳನ್ನು ತನ್ನದೇ ಇನ್ನೊಂದು ಸಂಸ್ಥೆಯ ವ್ಯವಹಾರಕ್ಕೆ ಬಳಸಲಾಗಿತ್ತು. ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್ ಅವರಿಗೆ 2024ರ ಮಾರ್ಚಿನಲ್ಲಿ 25 ವರ್ಷಗಳ ಶಿಕ್ಷೆಯಾಯಿತು. ಅವರು ದಾನಕ್ಕೆ ಹೆಸರಾಗಿದ್ದರು. ಗಳಿಸಿದ್ದನ್ನೆಲ್ಲ ಲೋಕಹಿತಕ್ಕೆ ಕೊಡುವೆನೆಂದು ಸಾರಿದ್ದರು. ಧರ್ಮಸಂಸ್ಥೆಗಳನ್ನು ನಡೆಸುವವರು ಈ ಪ್ರಕರಣವನ್ನು ಮರೆಯಬಾರದು. ಇನ್ನೊಬ್ಬರ ಹಣವನ್ನು ಕೇಳದೆ ಬಳಸುವುದು ಅದನ್ನು ಒಳ್ಳೆಯ ಕೆಲಸಕ್ಕೆ ಬಳಸುವೆನೆಂಬ ಸಂಕಲ್ಪದಿಂದ ಶುದ್ಧವಾಗುವುದಿಲ್ಲ.

ಭಾರತದಲ್ಲಿ ಈ ನಾಣ್ಯದ ಹಾದಿ ಏರುಪೇರಿನದಾಗಿತ್ತು. ಇಂಥ ವ್ಯವಹಾರ ನಡೆಸುವವರಿಗೆ ಬ್ಯಾಂಕುಗಳು ಸೇವೆ ನೀಡಕೂಡದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿತು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಮಾಲೊಂದರಲ್ಲಿ ಬಿಟ್‌ಕಾಯಿನ್ ಕೊಳ್ಳಲು ಮಾರಲು ಇಟ್ಟಿದ್ದ ಎಟಿಎಂ ಮಾದರಿಯ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಗೊಳಿಸಿತು. 2022ರಲ್ಲಿ ಸರಕಾರವು ಈ ವ್ಯವಹಾರದ ಲಾಭದ ಮೇಲೆ ಶೇಕಡಾ 30ರ ತೆರಿಗೆಯನ್ನೂ, ಪ್ರತಿ ಮಾರಾಟದಲ್ಲಿ ಶೇಕಡಾ 1ರ ಮೂಲದಲ್ಲೇ ಕಡಿತವನ್ನೂ ವಿಧಿಸಿತು. ತೆರಿಗೆ ವಿಧಿಸಿದ್ದು ಮಾನ್ಯತೆ ಕೊಟ್ಟಂತಲ್ಲವೆಂದು ಸರಕಾರ ಸ್ಪಷ್ಟಪಡಿಸಿತಾದರೂ, ತೆರಿಗೆಯ ರಶೀದಿಯನ್ನೇ ಭದ್ರತೆಯ ಪತ್ರವೆಂದು ಭಾವಿಸಿದವರು ಇಲ್ಲದಿಲ್ಲ.

2024ರ ಜುಲೈ 18ರಂದು ಭಾರತದ ದೊಡ್ಡ ವಿನಿಮಯ ಕೇಂದ್ರಗಳಲ್ಲೊಂದರಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ನಾಣ್ಯಗಳು ಕಳುವಾದವು. ಕಳುವಾದವುಗಳಲ್ಲಿ ಹೆಚ್ಚಿನವು ಬಿಟ್‌ಕಾಯಿನ್ ಆಗಿರದೆ ಅದರ ಹಿಂದೆ ಬಂದ ಇತರ ನಾಣ್ಯಗಳಾಗಿದ್ದರೂ ಪಾಠ ಎಲ್ಲಕ್ಕೂ ಸಮಾನ. ಅನೇಕ ದೇವಾಲಯಗಳಲ್ಲಿ ಕಾಣಿಕೆ ಹುಂಡಿಗೆ ಎರಡು ಬೀಗ ಹಾಕಿ, ಕೀಲಿಗಳನ್ನು ಇಬ್ಬರ ಕೈಯಲ್ಲಿಡುವ ಪದ್ಧತಿಯುಂಟು. ಇಬ್ಬರೂ ಬಂದರೆ ಮಾತ್ರ ಹುಂಡಿ ತೆರೆಯುತ್ತದೆ. ಇಂಥದೇ ಏರ್ಪಾಡು ಈ ನಾಣ್ಯಗಳಲ್ಲಿಯೂ ಇದೆ. ಹಲವರು ಸಹಿ ಹಾಕಿದರಷ್ಟೇ ಹಣ ಹೊರಡುತ್ತದೆ. ಕಳುವಾದ ಖಜಾನೆಗೂ ಇದೇ ರಕ್ಷಣೆಯಿತ್ತು. ಆದರೆ ಸಹಿ ಹಾಕುವವರಿಗೆ ಪರದೆಯ ಮೇಲೆ ಕಂಡ ವಿವರವೇ ಬೇರೆ, ನಿಜವಾಗಿ ಸಹಿಯಾದ ಆದೇಶವೇ ಬೇರೆಯಾಗಿತ್ತೆಂದು ಆ ಸಂಸ್ಥೆ ಹೇಳಿಕೆ ನೀಡಿತು. ಎರಡು ಬೀಗಗಳ ಪದ್ಧತಿಯ ಜೀವವಿರುವುದು ಬೀಗದಲ್ಲಲ್ಲ. ಇಬ್ಬರೂ ಪೆಟ್ಟಿಗೆಯೊಳಗೆ ಕಣ್ಣಾರೆ ನೋಡುವುದರಲ್ಲಿ. ನೋಡದೆ ಹಾಕಿದ ಹತ್ತು ಸಹಿಗಳು ಒಂದು ಸಹಿಯಷ್ಟೂ ಬೆಲೆ ಬಾಳುವುದಿಲ್ಲ. ಟ್ರಸ್ಟಿನ ಸಭೆಯಲ್ಲಿ ಲೆಕ್ಕಪತ್ರವನ್ನು ಓದದೆ ಅಂಗೀಕರಿಸುವ ಅಭ್ಯಾಸವಿರುವಲ್ಲಿ, ಆ ಕಳ್ಳತನಕ್ಕೆ ಗಣಕಯಂತ್ರವೂ ಬೇಕಾಗುವುದಿಲ್ಲ.

ಇನ್ನು ಈ ನಾಣ್ಯಕ್ಕೆ ತೆರುವ ಬೆಲೆಯನ್ನು ಕುರಿತು. ಮೊದಲು ಮನೆಯ ಗಣಕಯಂತ್ರದಲ್ಲಿ ನಡೆಯುತ್ತಿದ್ದ ಗಣಿಗಾರಿಕೆ ಈಗ ದೊಡ್ಡ ದೊಡ್ಡ ಉಗ್ರಾಣಗಳಲ್ಲಿ, ಅದಕ್ಕೆಂದೇ ಮಾಡಿದ ಯಂತ್ರಗಳಿಂದ ಹಗಲಿರುಳು ನಡೆಯುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಂದಾಜಿನಂತೆ ಅದು ವರ್ಷಕ್ಕೆ 10,000 ಕೋಟಿ ಯೂನಿಟ್‌ಗಿಂತ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ಆ ಲೆಕ್ಕಗಳಿಂದ ಬರುವ ಉತ್ತರಕ್ಕೆ ಬೇರೆ ಉಪಯೋಗವಿಲ್ಲ. ಶ್ರಮಪಟ್ಟಿದ್ದೇನೆಂಬ ಪ್ರಮಾಣವೇ ಅದರ ಉಪಯೋಗ. ಮನುಷ್ಯನು ಮನುಷ್ಯನನ್ನು ನಂಬದಿರುವುದಕ್ಕಾಗಿ ತೆರುತ್ತಿರುವ ಸುಂಕವೆಂದು ಇದನ್ನು ಕರೆಯಬಹುದು. ಇಷ್ಟು ತೆತ್ತ ಮೇಲೂ ಚದುರಿರಬೇಕಾದ ಶಕ್ತಿ ಚದುರಿ ಉಳಿಯಲಿಲ್ಲ. 2014ರ ಜೂನ್‌ನಲ್ಲಿ ಒಂದೇ ಗಣಿಗಾರರ ಕೂಟ ಒಟ್ಟು ಶಕ್ತಿಯ ಅರ್ಧದಷ್ಟನ್ನು ಮುಟ್ಟಿತ್ತು. ಪುಸ್ತಕವನ್ನು ಕೆಡಿಸಬಲ್ಲ ಸ್ಥಿತಿಯದು. ಆತಂಕ ಹರಡಿದಾಗ ಆ ಕೂಟ ಮುಂದೆ ಶೇಕಡಾ 40ನ್ನು ಮೀರುವುದಿಲ್ಲವೆಂದು ಮಾತು ಕೊಟ್ಟಿತು. ಗಣಿತದ ಮೇಲೆ ನಿಂತ ವ್ಯವಸ್ಥೆ ಆ ಘಳಿಗೆಯಲ್ಲಿ ಒಂದು ಮಾತಿನ ಮೇಲೆ ನಿಂತಿತ್ತು.

ಸಂಗ್ರಹದ ಆಸೆಯೂ ಅದರ ರಚನೆಯಲ್ಲಿಯೇ ಸೇರಿಕೊಂಡಿದೆ. ಪ್ರತಿ ಪುಟಕ್ಕೆ ಹುಟ್ಟುವ ಹೊಸ ನಾಣ್ಯಗಳು ಆರಂಭದಲ್ಲಿ 50. ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತ, 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರಲ್ಲಿ 3.125 ಆಯಿತು. ವಿರಳವಾಗುತ್ತ ಹೋಗುವ ವಸ್ತುವನ್ನು ಇಂದು ಕೊಡುವವರು ಯಾರು? ಒಂಬತ್ತು ಪುಟಗಳ ಆ ಲೇಖನದ ಶೀರ್ಷಿಕೆ ಇದನ್ನು ವಿದ್ಯುನ್ಮಾನ ನಗದು ವ್ಯವಸ್ಥೆಯೆಂದು ಕರೆದಿತ್ತು. ಎಲ್ ಸಾಲ್ವಡಾರ್ ದೇಶ 2021ರ ಸೆಪ್ಟೆಂಬರ್ 7ರಿಂದ ಇದನ್ನು ಅಧಿಕೃತ ಹಣವಾಗಿಸಿತು. ಆದರೆ ಜನರು ದಿನಬಳಕೆಗೆ ಡಾಲರನ್ನೇ ಮುಂದುವರಿಸಿದರು, 2025ರ ಜನವರಿಯಲ್ಲಿ ಕಡ್ಡಾಯ ಸ್ವೀಕಾರದ ನಿಯಮವನ್ನು ಕೈಬಿಡಲಾಯಿತು. ಇತ್ತ 2021ರ ನವೆಂಬರಿನಲ್ಲಿ 69,000 ಡಾಲರಿನ ಸಮೀಪಕ್ಕೆ ಏರಿದ್ದ ಬೆಲೆ ಒಂದು ವರ್ಷದಲ್ಲಿ 16,000ಕ್ಕಿಂತ ಕೆಳಗಿಳಿದು, ಮತ್ತೆರಡು ವರ್ಷಗಳಲ್ಲಿ ಲಕ್ಷವನ್ನು ದಾಟಿತು. ಹೀಗೆ ಕುಣಿಯುವ ಅಳತೆಗೋಲಿನಿಂದ ಅಕ್ಕಿ ಬೇಳೆಯನ್ನು ಅಳೆಯಲು ಬಾರದು. ಅಪರಿಗ್ರಹದ ಮಾತನ್ನು ಕೇಳುತ್ತ ಬೆಳೆದ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಕ್ಕಳು ದಿನಕ್ಕೆ ಹತ್ತು ಬಾರಿ ಬೆಲೆ ನೋಡುತ್ತಿದ್ದರೆ, ವಸ್ತುವನ್ನು ಇಟ್ಟುಕೊಂಡವರು ಅವರೋ, ಅವರನ್ನು ಇಟ್ಟುಕೊಂಡದ್ದು ಆ ವಸ್ತುವೋ ಎಂದು ಕೇಳಿದರೆ ಸಾಕು.

ಬಿಟ್‌ಕಾಯಿನ್ ತೋರಿಸಿಕೊಟ್ಟ ದಾರಿಯ ಪ್ರಭಾವ ಮಾತ್ರ ಅಲ್ಲಗಳೆಯುವಂಥದಲ್ಲ. ಲೆಕ್ಕವನ್ನು ಬಯಲಿನಲ್ಲಿಡಬಹುದು, ಯಾರು ಬೇಕಾದರೂ ತಾಳೆ ನೋಡಬಹುದು ಎಂಬುದನ್ನು ಅದು ಸಾಧಿಸಿ ತೋರಿಸಿದೆ. ಅದರ ಸವಾಲಿನ ನಂತರವೇ ಹಲವು ದೇಶಗಳ ಕೇಂದ್ರ ಬ್ಯಾಂಕುಗಳು ತಮ್ಮದೇ ಡಿಜಿಟಲ್ ಹಣದತ್ತ ಗಮನ ಹರಿಸಿದವು. ಭಾರತದ ಡಿಜಿಟಲ್ ರೂಪಾಯಿ ಸಾರ್ವಜನಿಕರ ಪ್ರಾಯೋಗಿಕ ಬಳಕೆಗೆ ಬಂದದ್ದು 2022ರ ಡಿಸೆಂಬರ್ 1ರಂದು, ಮೊದಲು ಬಳಕೆಗೆ ಬಂದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಆ ರೂಪಾಯಿಯು ನಂಬಿಕೆ ಬೇಡವೆಂದು ಹೇಳುವುದಿಲ್ಲ. ರಿಸರ್ವ್ ಬ್ಯಾಂಕನ್ನು ನಂಬಿ ಎಂದು ನೇರವಾಗಿ ಹೇಳುತ್ತದೆ. ಆ ನಂಬಿಕೆಗೆ ತಕ್ಕಂತೆ ಸಂಸ್ಥೆ ನಡೆದುಕೊಳ್ಳುತ್ತದೆಯೇ, ಜನರ ಖರ್ಚಿನ ಗೋಪ್ಯವನ್ನು ಕಾಯುತ್ತದೆಯೇ ಎಂದು ಕೇಳುವ ಹಕ್ಕು ಪ್ರಜೆಗಳಿಗೆ ಉಳಿಯುತ್ತದೆ. ಚಾಮ್ ಅವರು 1983ರಲ್ಲಿ ಎತ್ತಿದ ಪ್ರಶ್ನೆ ಅಲ್ಲಿಯೂ ಉತ್ತರವನ್ನು ಬೇಡುತ್ತದೆ.

ಹೆಸರಿರುವ ಕಡೆ ಕೇಳಲು ಅವಕಾಶವಿದೆ. ಯಾರನ್ನೂ ನಂಬಬೇಕಾಗಿಲ್ಲ ಎಂಬ ಮಾತಿನಲ್ಲಿರುವ ಅಪಾಯವೆಂದರೆ, ಅದು ಕೇಳುವ ಅಭ್ಯಾಸವನ್ನೇ ಬಿಡಿಸುತ್ತದೆ. ಕೀಲಿ ಯಾರ ಕೈಯಲ್ಲಿದೆ, ಒಳಗಿನ ಪುಸ್ತಕವನ್ನು ನೋಡುವವರು ಯಾರು, ಸಹಿ ಯಾವುದಕ್ಕೆ ಬೀಳುತ್ತಿದೆ, ಈ ಲಾಭ ಯಾರ ನಷ್ಟದಿಂದ ಬರುತ್ತಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳದೆ ಹಣವನ್ನು ಒಪ್ಪಿಸಿದವರು ಟೋಕಿಯೊದಲ್ಲಿಯೂ ಬಹಾಮಾಸಿನಲ್ಲಿಯೂ ಭಾರತದಲ್ಲಿಯೂ ಒಂದೇ ರೀತಿ ಕೈಸುಟ್ಟುಕೊಂಡರು. ಸುಳ್ಳಾಗದ ಪುಸ್ತಕವು ಇಷ್ಟನ್ನು ಹೇಳಬಲ್ಲದು: ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಗೆ, ಇಂಥ ಹೊತ್ತಿನಲ್ಲಿ, ಇಷ್ಟು ನಾಣ್ಯ ಸಂದಿತು. ಕೊಟ್ಟವನು ಇಷ್ಟಪಟ್ಟು ಕೊಟ್ಟನೋ, ಮೋಸಹೋಗಿ ಕೊಟ್ಟನೋ, ಪಡೆದವನಿಗೆ ಅದು ಸಲ್ಲತಕ್ಕದ್ದೋ ಅಲ್ಲವೋ ಎಂಬುದನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ. ಆ ಅಂಕಣವನ್ನು ಇಂದಿಗೂ ಮನುಷ್ಯರೇ ತುಂಬಬೇಕಾಗಿದೆ.